ಕನ್ನಡ ಲಿಪಿ ಯುಆರ್‌ಎಲ್, ಇಂಗ್ಲಿಷ್ ಅಕ್ಷರದ ಯುಆರ್‌ಎಲ್, ಬರೀ ನಂಬರ್: ಮೂರನ್ನೂ ಬಳಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಇಂಗ್ಲಿಷ್ ಅಕ್ಷರದ ಚಿಕ್ಕ ಸ್ಲಗ್‌ಗೆ. ಯುಆರ್‌ಎಲ್ ಅಂದ್ರೆ ಪುಟದ ವೆಬ್ ವಿಳಾಸ, ಅದರಲ್ಲಿ ಡೊಮೇನ್ (ಸೈಟಿನ ಹೆಸರು) ಆದ್ಮೇಲೆ ಆ ಪುಟನ ಗುರುತಿಸೋ ತುಂಡೇ ಸ್ಲಗ್. ಸೈಟ್ ಪೂರ್ತಿ ಕನ್ನಡದ್ದು, ಓದೋರೂ ಕನ್ನಡದೋರೇ, ಹಂಗಿದ್ದೂ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಯಾಕೆ ಅಂತ ಕೆಲವರು ಮುನಿಸ್ಕೊಳ್ತಾರೆ, ಅವರ ಬೇಜಾರು ನನಗೂ ಅರ್ಥ ಆಗುತ್ತೆ. ಮೊಬೈಲ್ ರಿಪೇರಿ, ಬ್ಯಾಟರಿ, ಚಾರ್ಜರ್ ಇಂಥವುಗಳ ಬಗ್ಗೆ ಬರೆಯೋ ಸೈಟು ನಂದು. ಶುರುವಲ್ಲಿ ಕನ್ನಡ ಲಿಪಿಯಲ್ಲೇ ಸ್ಲಗ್ ಇಟ್ಟು, ಅದರ ಜೊತೆಗೆ ಕನ್ನಡ ಲಿಪಿಯದ್ದೇ ಒಂದು ಡೊಮೇನನ್ನೂ ದುಡ್ಡು ಕೊಟ್ಟು ತಗೊಂಡಿದ್ದೆ, ಆಮೇಲೆ ಸ್ವಲ್ಪ ಕಾಲ ಬರೀ ನಂಬರ್, ಈಗ ಇಂಗ್ಲಿಷ್ ಅಕ್ಷರ. ಹಿಂಗಾಗಿ ಮೂರರ ರುಚಿಯೂ ಗೊತ್ತು.

ರ್‍ಯಾಂಕಿಂಗ್ (ಸರ್ಚಲ್ಲಿ ಎಷ್ಟು ಮೇಲೆ ಬರುತ್ತೆ ಅನ್ನೋ) ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಅಷ್ಟು ಸತ್ವ ಇಲ್ಲ. ಡೊಮೇನ್ ಹೆಸರಲ್ಲೋ ಯುಆರ್‌ಎಲ್ ದಾರಿಯಲ್ಲೋ ಕೀವರ್ಡ್ ಇದ್ರೆ ಅದರಿಂದ ಆಗೋ ಪರಿಣಾಮ ಇಲ್ಲ ಅನ್ನೋವಷ್ಟು ಕಮ್ಮಿ ಅಂತ ಗೂಗಲ್‌ನ ಸ್ವಂತ ಎಸ್‌ಇಒ (ಸರ್ಚಲ್ಲಿ ಸೈಟ್ ಚೆನ್ನಾಗಿ ಕಾಣೋ ಹಾಗೆ ಮಾಡೋದು) ಆರಂಭಿಕ ಕೈಪಿಡಿನೇ ಹೇಳುತ್ತೆ. ಸರ್ಚ್ ರಿಸಲ್ಟ್ ಮೇಲೆ ಬ್ರೆಡ್‌ಕ್ರಂಬ್ (ಡೊಮೇನ್ ಪಕ್ಕದಲ್ಲಿ ಬರೋ ದಾರಿಯ ಸಾಲು) ಆಗಿ ಕಾಣೋದೊಂದೇ ಅದರ ಲಾಭ ಆಗಿತ್ತು, ಅದನ್ನೂ 2025ರ ಜನವರಿಯಲ್ಲಿ ಮೊಬೈಲ್ ರಿಸಲ್ಟ್‌ಗಳಿಂದ ತೆಗೆದುಬಿಟ್ರು, ಈಗ ಫೋನಲ್ಲಿ ಹುಡುಕೋರಿಗೆ ಡೊಮೇನ್ ಮಾತ್ರ ಕಾಣುತ್ತೆ. ನನ್ನ ಸೈಟಿಗೆ ಬರೋರು ಹೆಚ್ಚುಕಮ್ಮಿ ಎಲ್ಲಾ ಫೋನಿಂದ್ಲೇ. ಅಲ್ಲಿಗೆ ಸ್ಲಗ್ ಯಾವ ಲಿಪಿಯಲ್ಲಿದ್ರೂ ಸರ್ಚಲ್ಲಿ ನೋಡೋರಿಗೆ ಒಂದೇ. ಓದುಗರ ಭಾಷೆಯ ಪದಗಳನ್ನೇ ಯುಆರ್‌ಎಲ್‌ನಲ್ಲಿ ಬಳಸ್ಬಹುದು, ಪರ್ಸೆಂಟ್ ಎನ್‌ಕೋಡಿಂಗ್ (ಅಕ್ಷರಗಳನ್ನ % ಗುರುತಿನ ಕೋಡಾಗಿ ಬದಲಾಯಿಸೋದು) ಸರಿಯಾಗಿದ್ರೆ ಸಾಕು ಅಂತಾನೂ ಗೂಗಲ್ ಹೇಳುತ್ತೆ. ಅಂದ್ರೆ ಕನ್ನಡ ಸ್ಲಗ್ ಇಟ್ರೆ ಶಿಕ್ಷೆ ಏನೂ ಇಲ್ಲ. ನನ್ನ ತಕರಾರು ಬೇರೆದು.

ತಕರಾರು ಶುರುವಾಗೋದೇ ಆ ಎನ್‌ಕೋಡಿಂಗ್‌ನಿಂದ. 2005ರ ಆರ್‌ಎಫ್‌ಸಿ 3986 (ಇಂಟರ್ನೆಟ್ಟಿನ ಒಂದು ನಿಯಮದ ದಾಖಲೆ) ಪ್ರಕಾರ ಯುಆರ್‌ಎಲ್ ಒಳಗೆ ಇರ್ಬಹುದಾದ್ದು ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಗುರುತು ಅಷ್ಟೇ, ಕನ್ನಡ ಅದರಲ್ಲಿಲ್ಲ. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನ ಬೈಟ್ ಲೆಕ್ಕದಲ್ಲಿ ಇಟ್ಕೊಳ್ಳೋ ಒಂದು ರೀತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಪ್ರತಿ ಬೈಟೂ ಒಂದು ಪರ್ಸೆಂಟ್ ಗುರುತು ಪ್ಲಸ್ ಎರಡು ಅಂಕಿ-ಅಕ್ಷರ ಆಗುತ್ತೆ, ಒಟ್ಟು 9. ‘ಕ’ ಅನ್ನೋ ಒಂದಕ್ಷರ ವೈರ್ ಮೇಲೆ ಹೋಗೋದು %ಇ0%ಬಿ2%95 ಅಂತ. ಇನ್ನೊಂದು ವಿಷಯ, ಇಲ್ಲಿ ಚಿಹ್ನೆ ಅಂದ್ರೆ ನಾವು ಕಣ್ಣಲ್ಲಿ ಎಣಿಸೋ ಅಕ್ಷರ ಅಲ್ಲ, ಒತ್ತು, ದೀರ್ಘ, ಅನುಸ್ವಾರ, ಅರ್ಧಾಕ್ಷರ ಮಾಡೋ ಹಲಂತ ಎಲ್ಲಾ ಬೇರೆಬೇರೆ ಲೆಕ್ಕ. ‘ಕನ್ನಡ’ ಅನ್ನೋದರಲ್ಲಿ ನಮಗೆ ಕಾಣೋದು ಮೂರು, ಕಂಪ್ಯೂಟರಿಗೆ ಐದು, ಯುಆರ್‌ಎಲ್‌ನಲ್ಲಿ 45.

ಬ್ರೌಸರಿನ ಮೇಲ್ಗಡೆ ಪಟ್ಟಿಯಲ್ಲಿ ಚೆನ್ನಾಗಿ ಕನ್ನಡದಲ್ಲೇ ಕಾಣುತ್ತೆ, ಖುಷಿಯಾಗುತ್ತೆ. ಕ್ರೋಮಿಂದ ಕಾಪಿ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ನೋಡಿ, ಐದಾರು ಸಾಲಿನ ಪರ್ಸೆಂಟ್ ಮೆರವಣಿಗೆ. ನಾನು ಲಿಂಕ್ ಹಂಚೋದು ಮುಕ್ಕಾಲು ಪಾಲು ವಾಟ್ಸ್ಆ್ಯಪ್‌ನಲ್ಲೇ, ಅದನ್ನ ನೋಡಿದ ನೆಂಟರೊಬ್ಬರು ಇದು ವೈರಸ್ಸಾ ಮಾರಾಯಾ, ಒತ್ತಬಹುದಾ ಅಂತ ಫೋನ್ ಮಾಡಿದ್ರು. ಬೈಯೋ ಹಾಗಿಲ್ಲ, ಮೋಸದ ಲಿಂಕ್‌ಗಳ ಬಗ್ಗೆ ಎಚ್ಚರ ಇರಿ ಅಂತ ನಾವೇ ಅವರಿಗೆ ಹೇಳ್ಕೊಟ್ಟಿರೋದು.

ಆದ್ರೆ ಉದ್ದ ಇರೋದಕ್ಕಿಂತ ತಲೆ ತಿಂದಿದ್ದು ಕತ್ತರಿಸಿ ಹೋಗೋದು. ವರ್ಡ್‌ಪ್ರೆಸ್ (ನನ್ನ ಸೈಟ್ ನಡೆಸೋ ಸಾಫ್ಟ್‌ವೇರ್) ಡೇಟಾಬೇಸಲ್ಲಿ ಸ್ಲಗ್ ಕೂರೋ ಕಾಲಮ್ಮಿಗೆ 200ರ ಮಿತಿ ಇದೆ, ಮತ್ತೆ ಅದು ಎಣಿಸೋದು ಎನ್‌ಕೋಡ್ ಆದ್ಮೇಲಿನ ಉದ್ದಾನ. ಇಂಗ್ಲಿಷಲ್ಲಿ ಬರೆಯೋರಿಗೆ 200 ಅಂದ್ರೆ ಎರಡು ಮೂರು ಸಾಲು, ಯಾರೂ ಅಲ್ಲಿವರೆಗೆ ಹೋಗಲ್ಲ, ಹಾಗಾಗಿ ಈ ಮಿತಿ ಇದೆ ಅನ್ನೋದೇ ಅವರಿಗೆ ಗೊತ್ತಿರಲ್ಲ. ಕನ್ನಡಕ್ಕೆ 200ನ್ನ 9ರಿಂದ ಭಾಗಿಸಿ, 22 ಚಿಹ್ನೆಗೆ ಮುಗೀತು.

ನನ್ನ ಒಂದು ಲೇಖನದ ಶೀರ್ಷಿಕೆ ‘ಬ್ಯಾಟರಿ ಬೇಗ ಖಾಲಿಯಾಗೋದಕ್ಕೆ ಕಾರಣ’. ಲೆಕ್ಕ ಹಾಕಿ ನೋಡಿ: ಬ್ಯಾಟರಿಗೆ 7 ಚಿಹ್ನೆ ಅಂದ್ರೆ 63, ಹೈಫನ್ ಒಂದು, ಬೇಗ ಅನ್ನೋದಕ್ಕೆ 27, ಇನ್ನೊಂದು ಹೈಫನ್, ಇಲ್ಲಿಗೆ 92. ಉಳಿದಿದ್ದು 108, ಅಂದ್ರೆ 12 ಚಿಹ್ನೆ. ‘ಖಾಲಿಯಾಗೋದಕ್ಕೆ’ ಅನ್ನೋದರಲ್ಲಿ ಇರೋದು 13. ಹಾಗಾಗಿ ಕೊನೇ ಎತ್ವ ಉದುರಿಹೋಗಿ ‘ಬ್ಯಾಟರಿ-ಬೇಗ-ಖಾಲಿಯಾಗೋದಕ್ಕ’ ಅಂತ ಸ್ಲಗ್ ನಿಂತ್ಕೊಳ್ತು, ‘ಕಾರಣ’ ಅನ್ನೋದು ಒಳಗೆ ಬರಲೇ ಇಲ್ಲ. ಅದರ ಮುಂದಿನ ಲೇಖನ ‘ಬ್ಯಾಟರಿ ಬೇಗ ಖಾಲಿಯಾಗೋದಕ್ಕೆ ಪರಿಹಾರ’. ಅದೂ ಅದೇ ಜಾಗದಲ್ಲಿ ಕತ್ತರಿಸುತ್ತೆ, ಆ ಸ್ಲಗ್ ಆಗ್ಲೇ ಇದೆ, ಸರಿ ಹಿಂದೆ 2 ಅಂತ ಸೇರಿಸ್ಬೇಕು, ಅದಕ್ಕೆ ಜಾಗ ಬೇಕಲ್ಲ, ಇನ್ನೊಂದು ಚಿಹ್ನೆ ಬಿಸಾಕಿ ‘ಬ್ಯಾಟರಿ-ಬೇಗ-ಖಾಲಿಯಾಗೋದಕ್-2’ ಆಯ್ತು. ಕಾರಣ ಯಾವುದು ಪರಿಹಾರ ಯಾವುದು ಅಂತ ವಿಳಾಸ ನೋಡಿ ಹೇಳೋಕಾಗಲ್ಲ ಅಂದ್ಮೇಲೆ ಓದೋಕೆ ಸುಲಭ ಅಂತ ಕನ್ನಡ ಇಟ್ಟಿದ್ದಕ್ಕೆ ಏನು ಅರ್ಥ ಉಳೀತು.

ಶೀರ್ಷಿಕೆ ಉದ್ದ ಇದ್ರೂ ಸ್ಲಗ್ಗನ್ನ ಕೈಯಲ್ಲಿ ಚಿಕ್ಕದು ಮಾಡ್ಬಹುದಲ್ವಾ ಅಂತ ಕೇಳ್ತೀರ. ಮಾಡ್ಬಹುದು, ಆದ್ರೆ 22 ಚಿಹ್ನೆ ಒಳಗೆ ಅಂದ್ರೆ ಎರಡು ಮೂರು ಪದ, ಅದೂ ಒತ್ತಕ್ಷರ ಕಮ್ಮಿ ಇರೋ ಪದ ಹುಡುಕ್ಬೇಕು. ಕನ್ನಡದಲ್ಲಿ ವಿಭಕ್ತಿ ಎಲ್ಲಾ ಪದಕ್ಕೇ ಅಂಟ್ಕೊಂಡು ಬರುತ್ತೆ, ‘ಮೊಬೈಲ್‌ಗಳಲ್ಲಿ’ ಅನ್ನೋ ಒಂದು ಪದಕ್ಕೇ ಅರ್ಧಕ್ಕಿಂತ ಹೆಚ್ಚು ಖರ್ಚು.

ಇನ್ನೊಂದು ಕಾಟ ಕಣ್ಣಿಗೇ ಕಾಣದ್ದು. ಕೆಲವು ಕೀಬೋರ್ಡು, ಹಳೇ ಫಾಂಟಿಂದ ಯೂನಿಕೋಡಿಗೆ ಬದಲಾಯಿಸೋ ಕೆಲವು ಕನ್ವರ್ಟರ್‌ಗಳು ಅರ್ಧಾಕ್ಷರದ ಹಿಂದೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನೋ ಅಗಲವೇ ಇಲ್ಲದ ಒಂದು ಚಿಹ್ನೆ ಸೇರಿಸ್ತವೆ. ಪದದ ಕೊನೆಯಲ್ಲಿ ಇದು ಇದ್ರೂ ಇಲ್ದಿದ್ರೂ ‘ಮೊಬೈಲ್’ ನೋಡೋಕೆ ಒಂದೇ ಥರ, ಸರ್ವರಿಗೆ ಮಾತ್ರ ಎರಡೂ ಬೇರೆ ವಿಳಾಸ. ನಿಮ್ಮ ಸಾಫ್ಟ್‌ವೇರ್ ಅದನ್ನ ಸೋಸಿ ತೆಗೀತಿಲ್ಲ ಅಂದ್ರೆ, ಯಾರೋ ನೋಡ್ಕೊಂಡು ಟೈಪ್ ಮಾಡಿದ ಲಿಂಕ್ 404ಗೆ (ಪುಟ ಸಿಗಲಿಲ್ಲ ಅನ್ನೋ ಸಂದೇಶಕ್ಕೆ) ಹೋಗುತ್ತೆ, ನೀವು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಕಣ್ಣು ಕಿರಿದು ಮಾಡಿ ನೋಡಿದ್ರೂ ವ್ಯತ್ಯಾಸ ಸಿಗಲ್ಲ. ‘ಕೋ’ದಂಥ ಅಕ್ಷರಗಳದ್ದೂ ಇದೇ ಕಥೆ, ಓತ್ವವನ್ನ ಒಂದೇ ಚಿಹ್ನೆಯಾಗೂ ಬರೀಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೀಬಹುದು.

ಹಾಗಂತ ಕನ್ನಡ ಸ್ಲಗ್ ನಡೆಯೋದೇ ಇಲ್ಲ ಅಂತಲ್ಲ. ಕನ್ನಡ ವಿಕಿಪೀಡಿಯದ ಪುಟಗಳೆಲ್ಲಾ ಕನ್ನಡ ಲಿಪಿ ವಿಳಾಸದಲ್ಲೇ ಇವೆ, ಸರ್ಚಲ್ಲಿ ಮೇಲೇ ಬರ್ತವೆ. ಅವರ ಮೀಡಿಯಾವಿಕಿ ಸಾಫ್ಟ್‌ವೇರಲ್ಲಿ ಶೀರ್ಷಿಕೆಯ ಮಿತಿ 255 ಬೈಟ್, ಎನ್‌ಕೋಡ್ ಮಾಡೋ ಮೊದಲಿನ ಲೆಕ್ಕ ಅದು, ಅಂದ್ರೆ 85 ಚಿಹ್ನೆ, ಆರಾಮಾಗಿ ಸಾಕು. ಶೀರ್ಷಿಕೆಗಳೂ ಒಂದೆರಡು ಪದದ್ದು. ಹಂಚೋಕೆ ಅಂತ ಅವರದ್ದೇ ಡಬ್ಲ್ಯೂ ಡಾಟ್ ವಿಕಿ ಅನ್ನೋ ಚಿಕ್ಕ ಲಿಂಕ್ ಸೌಲಭ್ಯನೂ ಇದೆ. ನನ್ನಂಥ ಒಬ್ಬನೇ ನಡೆಸೋ, ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನ ಹಲವರು ಹಂಚ್ಕೊಳ್ಳೋದು) ಮೇಲೆ ಕೂತಿರೋ ಸೈಟಿಗೆ ಅಷ್ಟೆಲ್ಲಾ ಕಟ್ಕೊಳ್ಳೋ ಶಕ್ತಿ ಇಲ್ಲ, ಬೇಕೂ ಇಲ್ಲ.

ನಂಬರ್ ಬಗ್ಗೆ. ಡೊಮೇನ್ ಆದ್ಮೇಲೆ ಬರೀ 1483 ಅಂತ ಇರೋ ವಿಳಾಸ. ಯಾವತ್ತೂ ಮುರಿಯಲ್ಲ, ಶೀರ್ಷಿಕೆ ಹತ್ತು ಸಲ ತಿದ್ದಿದ್ರೂ ಲಿಂಕ್ ಅದೇ, ಫೋನಲ್ಲಿ ಬಾಯಲ್ಲೇ ಹೇಳ್ಬಹುದು. ನಿಜ ಹೇಳ್ಬೇಕಂದ್ರೆ ಕನ್ನಡ ಸ್ಲಗ್‌ಗಿಂತ ಇದು ವಾಸಿ ಅಂತ ನನಗನ್ಸಿತ್ತು. ಬೇಸರ ಬಂದಿದ್ದು ರಿಪೋರ್ಟ್ ನೋಡೋವಾಗ, ಸೈಟು ಸರ್ಚಲ್ಲಿ ಹೇಗಿದೆ ಅಂತ ತೋರಿಸೋ ಗೂಗಲ್‌ನ ಸರ್ಚ್ ಕನ್ಸೋಲಲ್ಲಿ ಸಾಲಾಗಿ ನಂಬರ್‌ಗಳು, ಯಾವ ಲೇಖನ ಬಿತ್ತು ಯಾವುದು ಏರಿತು ಅಂತ ತಿಳಿಯೋಕೆ ಒಂದೊಂದನ್ನೂ ತೆರೆದು ನೋಡ್ಬೇಕು. ಬರೀ ಐಡಿಗಿಂತ ಓದಬಲ್ಲ ಪದ ಇರ್ಲಿ ಅನ್ನೋದು ಗೂಗಲ್ ಸಲಹೆ ಕೂಡ. ನಂಬರ್ ಮತ್ತು ಸ್ಲಗ್ ಎರಡೂ ಸೇರಿಸಿ ಇಡೋ ಸೈಟುಗಳಿವೆ, ಅವುಗಳಲ್ಲಿ ಕೆಲವು ನಿಜವಾಗಿ ಓದೋದು ನಂಬರನ್ನ ಮಾತ್ರ, ಸ್ಲಗ್ ಜಾಗದಲ್ಲಿ ಏನು ಬರೆದ್ರೂ ಅದೇ ಪುಟ ತೆರೆಯುತ್ತೆ. ಅಂಥಾ ಕಡೆ ಕನೋನಿಕಲ್ ಟ್ಯಾಗ್ (ಇದೇ ಅಸಲಿ ವಿಳಾಸ ಅಂತ ಸರ್ಚ್‌ಗೆ ಹೇಳೋ ಗುರುತು) ಹಾಕ್ಲೇಬೇಕು, ಇಲ್ಲಾಂದ್ರೆ ಒಂದೇ ಪುಟಕ್ಕೆ ನೂರೆಂಟು ವಿಳಾಸ.

ಈಗ ನನ್ನ ಇಷ್ಟದ್ದು, ಇಂಗ್ಲಿಷ್ ಅಕ್ಷರದ ಸ್ಲಗ್. ಇದೂ ಪೂರ್ತಿ ನಿರ್ಮಲ ಅಲ್ಲ, ‘ಕಲೆ’ ಮತ್ತು ‘ಕಳೆ’ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಆಗೋಗ್ತವೆ, ‘ಮರ’ ‘ಮಾರ’ ಕೂಡ ಹಂಗೇ, ದೀರ್ಘಕ್ಕೆ ಎರಡು ಎ ಹಾಕೋದಾ ಒಂದಾ ಅಂತ ಪ್ರತಿ ಸಲ ಗೊಂದಲ. ಹಾಗಾಗಿ ನಾನು ಪೂರ್ತಿ ಶೀರ್ಷಿಕೆನ ಲಿಪ್ಯಂತರ ಮಾಡೋಕೆ ಹೋಗಲ್ಲ. ಬ್ಯಾಟರಿ, ಚಾರ್ಜರ್, ಸ್ಕ್ರೀನ್ ಇಂಥಾ ಪದಗಳನ್ನ ಇಂಗ್ಲಿಷ್ ಸ್ಪೆಲಿಂಗಲ್ಲೇ ಇಟ್ಟು, ಮೂರು ನಾಲ್ಕು ಪದಕ್ಕೆ ನಿಲ್ಲಿಸ್ತೀನಿ. ಎಲ್ಲಾ ಸಣ್ಣಕ್ಷರ, ಮಧ್ಯೆ ಹೈಫನ್, ಅಂಡರ್‌ಸ್ಕೋರ್ ಬೇಡ. ವರ್ಷ ಹಾಕಲ್ಲ, ಮುಂದಿನ ವರ್ಷ ಲೇಖನ ತಿದ್ದಿದಾಗ ಹಳಸಲು ಕಾಣುತ್ತೆ. ಕೆಟಗರಿನೂ ವಿಳಾಸದೊಳಗೆ ತರಲ್ಲ, ಯಾಕಂದ್ರೆ ಕೆಟಗರಿ ಬದಲಾಯಿಸೋ ಚಟ ನನಗಿದೆ, ಬದಲಾಯಿಸಿದಾಗೆಲ್ಲಾ ಅದರ ಕೆಳಗಿನ ಪುಟಗಳ ವಿಳಾಸಾನೂ ಬದಲಾಗುತ್ತೆ. ಫೋನಲ್ಲೇ ಕೂತು ಪೋಸ್ಟ್ ಹಾಕೋ ನನಗೆ ಒಂದೇ ತೊಂದರೆ: ಪಬ್ಲಿಶ್ ಒತ್ತೋ ಮೊದಲು ಸ್ಲಗ್ ಕೈಯಲ್ಲಿ ಬರೀಬೇಕು, ಮರೆತ್ರೆ ಶೀರ್ಷಿಕೆಯಿಂದ ಕನ್ನಡದ್ದೇ ತಾನಾಗಿ ಬಂದು ಕೂರುತ್ತೆ.

ಒಂದರಿಂದ ಇನ್ನೊಂದಕ್ಕೆ ಹಾರೋರಿಗೆ ಮಾತ್ರ ಒಂದು ಎಚ್ಚರಿಕೆ. ವರ್ಡ್‌ಪ್ರೆಸ್ಸಲ್ಲಿ ಪೋಸ್ಟಿನ ಸ್ಲಗ್ ಬದಲಾಯಿಸಿದ್ರೆ ಹಳೇದನ್ನ ಅದೇ ನೆನಪಿಟ್ಕೊಂಡು 301 (ಪುಟ ಖಾಯಮ್ಮಾಗಿ ಹೊಸ ವಿಳಾಸಕ್ಕೆ ಹೋಗಿದೆ ಅನ್ನೋ ರಿಡೈರೆಕ್ಟ್) ಕಳಿಸುತ್ತೆ, ಪೇಜ್‌ಗಳಿಗೆ ಈ ನೆನಪಿನ ಸೌಲಭ್ಯ ಇಲ್ಲ. ಪೇಜ್‌ಗಳಿಗೆ ದುಡ್ಡು ಕೊಟ್ಟು ಪ್ಲಗಿನ್ ತಗೊಳ್ಳೋದು ಬೇಡ ಅಂತ ನನ್ನ ಹೋಸ್ಟಿಂಗಿನ ಸರ್ವರ್ ಸಾಫ್ಟ್‌ವೇರ್ ಆದ ಅಪಾಚೆಯ ಎಚ್‌ಟಿಆ್ಯಕ್ಸೆಸ್ ಫೈಲಲ್ಲಿ ನಾನೇ ರೂಲ್ ಬರೆದೆ, ಬ್ರೌಸರಿಂದ ಕಾಪಿ ಮಾಡಿದ ಪರ್ಸೆಂಟ್ ವಿಳಾಸಾನೇ ಅಂಟಿಸಿದ್ರೆ ಒಂದೂ ಕೆಲಸ ಮಾಡಲ್ಲ. ಕಾರಣ, ಅಪಾಚೆ ರಿಡೈರೆಕ್ಟ್ ರೂಲನ್ನ ಹೋಲಿಸೋದು ಡಿಕೋಡ್ ಆದ ವಿಳಾಸದ ಜೊತೆ. ಅಲ್ಲಿ ಕನ್ನಡ ಅಕ್ಷರಗಳನ್ನೇ ನೇರವಾಗಿ ಬರೆದು ಫೈಲನ್ನ ಯುಟಿಎಫ್-8ರಲ್ಲಿ ಸೇವ್ ಮಾಡ್ಬೇಕು. ಅಕ್ಷರಶಃ ಹೋಲಿಸೋ ಟೂಲ್‌ಗಳಲ್ಲಿ ಇನ್ನೊಂದು ತಮಾಷೆ, ವರ್ಡ್‌ಪ್ರೆಸ್ ಪರ್ಸೆಂಟ್ ಕೋಡಲ್ಲಿ ಇಟ್ಕೊಳ್ಳೋದು ಇಂಗ್ಲಿಷಿನ ಸಣ್ಣ ಇ, ಕನ್ನಡದಲ್ಲೇ ಟೈಪ್ ಮಾಡಿದ ವಿಳಾಸಕ್ಕೆ ಕ್ರೋಮ್ ಕೊಡೋದು ದೊಡ್ಡ ಇ, ನಿಯಮದ ಪ್ರಕಾರ ಎರಡೂ ಒಂದೇ ಆದ್ರೂ ಟೂಲಿಗೆ ಅದು ಗೊತ್ತಿರಲ್ಲ. ರಿಡೈರೆಕ್ಟ್‌ಗಳನ್ನ ಕನಿಷ್ಠ 1 ವರ್ಷ ಇಟ್ಟಿರಿ ಅಂತ ಗೂಗಲ್ ಹೇಳುತ್ತೆ, ನಾನಂತೂ ತೆಗೆಯೋದೇ ಇಲ್ಲ, ಎರಡು ಸಾಲಿನ ರೂಲಿಗೆ ಬಾಡಿಗೆ ಏನಿಲ್ಲವಲ್ಲ.

ಕನ್ನಡ ಲಿಪಿ ಡೊಮೇನಿಗೆ ಬರ್ತೀನಿ, ದುಡ್ಡು ಹೋಗಿದ್ದು ಅಲ್ಲೇ. ಡಿಎನ್‌ಎಸ್‌ಗೆ (ಡೊಮೇನ್ ಹೆಸರಿಂದ ಸರ್ವರ್ ಹುಡುಕ್ಕೊಡೋ ವ್ಯವಸ್ಥೆ) ಕನ್ನಡ ಅರ್ಥ ಆಗಲ್ಲ, ಅದನ್ನ ಪ್ಯೂನಿಕೋಡ್ ಅಂತ ಎಕ್ಸ್‌ಎನ್ ಮತ್ತು ಎರಡು ಹೈಫನ್‌ನಿಂದ ಶುರುವಾಗೋ ಕಲಸುಮೇಲೋಗರದ ಹೆಸರಾಗಿ ಬದಲಾಯಿಸ್ತಾರೆ. ಬ್ರೌಸರಲ್ಲಿ ಚೆಂದ ಕಾಣುತ್ತೆ, ಹೋಸ್ಟಿಂಗ್ ಪ್ಯಾನೆಲಲ್ಲಿ, ಸರ್ಟಿಫಿಕೇಟಲ್ಲಿ, ಲಾಗಲ್ಲಿ ಎಲ್ಲಾ ಆ ಕಲಸುಮೇಲೋಗರದ ಹೆಸರೇ. ಅದರ ಮೇಲೆ ಇಮೇಲ್ ಐಡಿ ಮಾಡ್ಕೊಂಡು ಒಂದು ಫಾರ್ಮ್ ತುಂಬೋಕೆ ಹೋದ್ರೆ ‘ಸರಿಯಾದ ಇಮೇಲ್ ಹಾಕಿ’ ಅಂತ ಕೆಂಪಕ್ಷರ. ಎರಡು ಡೊಮೇನ್ ನವೀಕರಣದ ಖರ್ಚು ಪ್ರತಿ ವರ್ಷ, ಲಾಭ ಪಡೆದಿದ್ದು ಒಂದರಿಂದ. ಹೆಸರು ಬೇರೆಯವರ ಕೈಗೆ ಹೋಗ್ಬಾರ್ದು ಅನ್ನೋ ಒಂದೇ ಕಾರಣಕ್ಕೆ ಅದನ್ನ ಮುಖ್ಯ ಡೊಮೇನಿಗೆ 301 ಮಾಡಿ ಇಟ್ಟಿದೀನಿ.



ಕನ್ನಡ ಸ್ಲಗ್ ಇರೋ ನನ್ನ ಹಳೇ ಲೇಖನಗಳಲ್ಲಿ ಓದುಗರು ಚೆನ್ನಾಗಿ ಬರ್ತಿರೋವನ್ನ ಹಂಗೇ ಬಿಟ್ಟಿದೀನಿ, ಓಡ್ತಿರೋದನ್ನ ಬಿಚ್ಚೋಕೆ ಹೋಗಿಲ್ಲ, ‘ಖಾಲಿಯಾಗೋದಕ್-2’ನ್ನ ಮಾತ್ರ ಸಹಿಸೋಕಾಗದೆ ಬದಲಾಯಿಸಿದೆ. ಒಂದೆರಡು ಪದದ ಶೀರ್ಷಿಕೆ ಇಡೋರು, ಕವಿತೆಯೋ ನಿಘಂಟೋ ಥರದ್ದು ನಡೆಸೋರು, ಲಿಂಕನ್ನ ವಾಟ್ಸ್ಆ್ಯಪ್ಪಲ್ಲಿ ಹಂಚದೇ ಇರೋರು ಕನ್ನಡದಲ್ಲೇ ಇಟ್ಕೊಳ್ಳಿ, 22 ಚಿಹ್ನೆಯ ಲೆಕ್ಕ ಒಂದು ನೆನಪಿರ್ಲಿ.