ಅರ್ಧಕ್ಕೆ ನಿಂತ ಸರಣಿಯ 'ಕೊನೆ' ಇದೆ ಅನ್ನುವವರನ್ನು ನಂಬಬೇಡಿ

ಉಡುಪಿ, ಮಂಗಳೂರು ಕಡೆ ವೆಬ್ ಸೀರೀಸ್ ನೋಡುವವರೆಲ್ಲ ಇದನ್ನು ದಯವಿಟ್ಟು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನನ್ನ ಖಾತೆಯಿಂದ ಒಂದೇ ರಾತ್ರಿ 48,498 ರೂಪಾಯಿ ಹೋಯಿತು. ಲಾಟರಿಯ ಆಸೆಯೂ ಅಲ್ಲ, ಸಾಲದ ಆ್ಯಪ್ ಕೂಡ ಅಲ್ಲ. ಒಂದು ಕಥೆಯ ಕೊನೆ ಏನು ಅಂತ ತಿಳಿಯಬೇಕಿತ್ತು, ಅಷ್ಟೇ.

ಆ ಸರಣಿಯ ಹೆಸರು '1899'. ಇನ್ನೂ ನೋಡದೆ, ನೋಡುವ ಯೋಚನೆ ಇರುವವರು ಮುಂದಿನ ಮೂರು ಪ್ಯಾರಾ ಬಿಟ್ಟು ಓದಿ.

2022ರ ನವೆಂಬರ್ 17ಕ್ಕೆ ಎಂಟು ಕಂತುಗಳು ಒಟ್ಟಿಗೆ ಬಂದವು. 'ಡಾರ್ಕ್' ಸರಣಿ ಮಾಡಿದ ಬಾರಾನ್ ಬೋ ಒಡಾರ್ ಮತ್ತು ಯಾಂಟ್ಯೆ ಫ್ರೀಸೆ ಅವರದ್ದೇ ಕೆಲಸ. ಕೆರ್ಬೆರೋಸ್ ಅಂತ ಒಂದು ಹಡಗು ನ್ಯೂಯಾರ್ಕ್ ಕಡೆ ಹೊರಟಿದೆ. ನಾಲ್ಕು ತಿಂಗಳ ಹಿಂದೆ ಕಾಣೆಯಾದ ಪ್ರೊಮಿಥಿಯಸ್ ಎಂಬ ಇನ್ನೊಂದು ಹಡಗಿನಿಂದ ಸಂದೇಶ ಬರುತ್ತದೆ. ಹೋಗಿ ನೋಡಿದರೆ ಅಲ್ಲಿ ಸಿಗುವುದು ಮಾತಾಡದ ಒಬ್ಬ ಹುಡುಗ. ಆಮೇಲೆ ಒಂದರ ಹಿಂದೆ ಒಂದು ಗಂಟು. ಎಲ್ಲಿ ನೋಡಿದರೂ ತ್ರಿಕೋನ. ಕೈಯಲ್ಲಿ ಹಿಡಿಯುವಷ್ಟು ಪಿರಮಿಡ್ಡು. ಬೀಗ ತೆಗೆಯುವ ಹಸಿರು ಜೀರುಂಡೆ. ಮಂಚದ ಕೆಳಗೆ ಸುರಂಗದ ಬಾಗಿಲು. ಪ್ರಯಾಣಿಕರದ್ದು ಒಬ್ಬೊಬ್ಬರದ್ದು ಒಂದೊಂದು ಭಾಷೆ. ನಮ್ಮ ಸಿಟಿ ಬಸ್ಸಿನಲ್ಲೂ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತದೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ. ಆ ಹಡಗಿನಲ್ಲಿ ತಿಳಿಯುವುದಿಲ್ಲ. ಆ ಒಂಟಿತನ ನನ್ನನ್ನು ತುಂಬ ಕಾಡಿತು.

ಎಂಟನೇ ಕಂತಿನ ಕೊನೆಗೆ ನಾಯಕಿ ಮೌರಾ ಕಣ್ಣು ಬಿಡುವುದು ಒಂದು ಬಾಹ್ಯಾಕಾಶ ನೌಕೆಯಲ್ಲಿ. ಪರದೆಯ ಮೇಲೆ ತಾರೀಕು 2099ರ ಅಕ್ಟೋಬರ್ 19. ಹಡಗು, ಸಮುದ್ರ ಎಲ್ಲ ಕಂಪ್ಯೂಟರ್ ಕಟ್ಟಿದ ಲೋಕ. ವಾಸ್ತವಕ್ಕೆ ಸ್ವಾಗತ ಅಂತ ಅವಳ ಅಣ್ಣನ ಸಂದೇಶ ಬರುತ್ತದೆ. ಅಲ್ಲಿಗೆ ಕತ್ತರಿ. ಮೂರು ಸೀಸನ್ನಿನ ಕಥೆ ಅಂತ ಸರಣಿ ಮಾಡಿದವರು ಯೋಚಿಸಿಟ್ಟಿದ್ದರು. ಆದರೆ 2023ರ ಜನವರಿ 2ಕ್ಕೆ, ಮುಂದಿನ ಸೀಸನ್ ಇಲ್ಲ ಅಂತ ನಿರ್ದೇಶಕರೇ ತಿಳಿಸಿದರು. ಕಥೆ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ.

ನನಗೆ ಊಟ ಅರ್ಧಕ್ಕೆ ಬಿಟ್ಟು ಎದ್ದ ಹಾಗಾಯಿತು. ತಮ್ಮ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಮನೆಗೆ ಬಂದರೆ ನಮ್ಮಿಬ್ಬರದ್ದು ಇದೇ ಮಾತು. ಮಗಳ ಹಳೆಯ ಲಾಂಗ್ ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ನಾನು ಎಲ್ಲ ಬರೆದಿಟ್ಟಿದ್ದೇನೆ. ಎಡಗಡೆ ಪ್ರಶ್ನೆ, ಬಲಗಡೆ ನಮ್ಮ ಊಹೆ. ಆ ನೌಕೆಯೂ ಸುಳ್ಳೇ ಅಂತ ತಮ್ಮನ ವಾದ. 'ವಾಸ್ತವಕ್ಕೆ ಸ್ವಾಗತ ಅಂತ ಹೇಳುವವನು ಯಾರು? ಅವಳನ್ನು ಒಳಗೆ ಹಾಕಿದವನೇ ಅಲ್ವಾ? ಅವನ ಮಾತು ನಂಬುವುದು ಹೇಗೆ ಅಕ್ಕ?' ನನ್ನ ಲೆಕ್ಕ ಬೇರೆ. ತಾಯಿಯೊಬ್ಬಳು ಸಾಯುತ್ತಿರುವ ಮಗನನ್ನು ಉಳಿಸಿಕೊಳ್ಳಲು ಕಟ್ಟಿದ ಲೋಕ ಅದು. ಹಾಗಾದರೆ ಕಥೆ ಮುಗಿಯಬೇಕಾದ್ದು ಮಗನ ಹತ್ತಿರ, ಅಣ್ಣನ ಹತ್ತಿರ ಅಲ್ಲ. ಮಗ ಎಲಿಯಟ್ ಎಲ್ಲಿ? ಗಂಡ ಡೇನಿಯಲ್ ಎಲ್ಲಿ? ಈ ಎರಡು ಪ್ರಶ್ನೆಯ ಬಲಗಡೆ ಇವತ್ತಿಗೂ ಖಾಲಿ ಉಂಟು.

ಇನ್ನು ಮೋಸದ ವಿಷಯ.

ತಮ್ಮನ ಗೆಳೆಯರು ಸೇರಿ ಇಂಥ ಸರಣಿಗಳಿಗೆ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಸುಮಾರು ಅರವತ್ತು ಜನ. ಅದಕ್ಕೆ ಯಾರೋ ಯಾರನ್ನೋ ಸೇರಿಸಿ, ಗುರುತಿಲ್ಲದ ಒಬ್ಬ ಬಂದ. ಮೂರು ತಿಂಗಳು ಅವನು ಯಾರಿಂದಲೂ ಏನೂ ಕೇಳಲಿಲ್ಲ. ಬರೀ ಊಹೆಗಳನ್ನು ಬರೆಯುತ್ತಿದ್ದ, ಅದೂ ಎಷ್ಟು ಚೆನ್ನಾಗಿ! ನಾವು ಗಮನಿಸದ ಗೋಡೆಯ ಚಿತ್ರ, ಕ್ಯಾಬಿನ್ ನಂಬರ್, ಗಡಿಯಾರದ ಸಮಯ ಎಲ್ಲ ಹೇಳುತ್ತಿದ್ದ. ನಾನೇ ಎಷ್ಟೋ ಸಲ ಅವನಿಗೆ 'ಸೂಪರ್ ಸರ್' ಅಂತ ಹಾಕಿದ್ದೇನೆ. ಅವನು ಬರೆದದ್ದೆಲ್ಲ 2022ರ ಕೊನೆಯಲ್ಲಿ ಬೇರೆಯವರು ಇಂಗ್ಲಿಷಿನಲ್ಲಿ ಬರೆದ ಮಾತುಗಳ ನಕಲು ಅಂತ ದುಡ್ಡು ಹೋದ ಮೇಲೆ ತಮ್ಮ ಹುಡುಕಿ ತೋರಿಸಿದ. ಒಂದೊಂದು ಸಾಲೂ ಹಾಗೇ ಇತ್ತು.

ಈ ಮೂರು ತಿಂಗಳನ್ನು ನೆನಪಿಡಿ. ಕಳ್ಳ ಅಂದರೆ ಬಂದ ಕೂಡಲೇ ಲಿಂಕ್ ಕಳಿಸುವವನು ಅಂತ ನಾನು ತಿಳಿದಿದ್ದೆ. ಇವನು ನಮ್ಮ ಜೊತೆ ಕೂತು ತಲೆ ಕೆಡಿಸಿಕೊಂಡವನ ಹಾಗೆ ಇದ್ದ. ನಮಗೆ ಎಲ್ಲಿ ಹಸಿವು ಅಂತ ನೋಡಿಕೊಂಡ.

ಜುಲೈಯಲ್ಲಿ ಒಂದು ರಾತ್ರಿ ನನಗೆ ಮಾತ್ರ ಮೆಸೇಜ್ ಬಂತು. ಸಬ್‌ಟೈಟಲ್ ಮಾಡುವ ಗೆಳೆಯನಿಂದ ಎರಡನೇ ಸೀಸನ್ನಿನ ಬರಹ ಸಿಕ್ಕಿದೆ, 140 ಪುಟ, ಗುಂಪಿಗೆ ಹಾಕಿದರೆ ತೊಂದರೆ, ನೀವು ನಿಜವಾಗಿ ಯೋಚಿಸುವವರು ಅಂತ ನಿಮಗೆ ಕೊಡುತ್ತೇನೆ ಅಂತ. ಎಲಿಯಟ್ ಎಲ್ಲಿ ಅನ್ನುವುದಕ್ಕೆ ಅದರಲ್ಲಿ ಉತ್ತರ ಇದೆ ಅಂತಲೂ ಬರೆದಿದ್ದ. ಗುಂಪಿನಲ್ಲಿ ನಾನು ಪದೇ ಪದೇ ಕೇಳಿದ್ದು ಅದನ್ನೇ ಅಲ್ವಾ!

ಹಿಂದೆಯೇ ಒಂದು ಫೈಲ್ ಬಂತು. ಹೆಸರು ಸರಣಿಯದ್ದೇ, ಚಿತ್ರ ತ್ರಿಕೋನದ್ದು. ಬಾಲದಲ್ಲಿ 'ಎಪಿಕೆ' ಅಂತ ಇತ್ತು. ಇಲ್ಲೇ ನಾನು ನಿಲ್ಲಬೇಕಿತ್ತು. ಓದುವ ಬರಹ ಆದರೆ ಪಿಡಿಎಫ್ ಇರುತ್ತದೆ, ವಿಡಿಯೋ ಆದರೆ ಎಂಪಿ4 ಇರುತ್ತದೆ. ಎಪಿಕೆ ಅಂದರೆ ಆ್ಯಪ್. ಅದು ಫೋನಿನ ಒಳಗೆ ಕೂತು ಕೆಲಸ ಮಾಡುತ್ತದೆ. ಗೊತ್ತಿಲ್ಲದ ಕಡೆಯಿಂದ ಬಂದದ್ದು ಅಂತ ಫೋನ್ ಎಚ್ಚರಿಸಿತು, ನಾನು ಒಪ್ಪಿಗೆ ಒತ್ತಿದೆ. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಅದಕ್ಕೂ ಒತ್ತಿದೆ. ಕಥೆ ಓದಲು ಎಸ್‌ಎಂಎಸ್ ಯಾಕೆ ಬೇಕು ಅಂತ ಆ ಹೊತ್ತಿಗೆ ತೋಚಲೇ ಇಲ್ಲ. ಆಮೇಲೆ 10 ರೂಪಾಯಿ ಕಟ್ಟಲು ಕಾರ್ಡಿನ ನಂಬರ್, ಹಿಂದಿನ ಮೂರು ಅಂಕೆ ಕೇಳಿತು. ಹಾಕಿದೆ. 'ಸರ್ವರ್ ಬ್ಯುಸಿ, ನಾಳೆ ಪ್ರಯತ್ನಿಸಿ' ಅಂತ ಬಂತು. ಮಲಗಿದೆ.

ಬೆಳಗ್ಗೆ ಮೀನಿನ ಅಕ್ಕ ಗೇಟಿನ ಹತ್ತಿರ ಬಂದರು. ಜುಲೈ ಅಂದರೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆಯಲ್ಲಿ ಬೋಟುಗಳೆಲ್ಲ ಕಟ್ಟಿಹಾಕಿರುತ್ತವೆ. ಸಿಗುವುದು ನಾಡದೋಣಿಯವರ ಮೀನು ಮಾತ್ರ, ರೇಟು ಜಾಸ್ತಿ. ಆದರೂ ಬಂಗುಡೆ ಹೊಳೆಯುತ್ತಿತ್ತು ಅಂತ ಆರು ತೆಗೆದುಕೊಂಡೆ. ಫೋನಿನಲ್ಲಿ 240 ರೂಪಾಯಿ ಹಾಕಿದರೆ ಹೋಗಲಿಲ್ಲ. ಇನ್ನೊಮ್ಮೆ ಹಾಕಿದೆ. ಖಾತೆಯಲ್ಲಿ ಹಣ ಇಲ್ಲ ಅಂತ ಬಂತು. ಮಗಳ ಹಾಸ್ಟೆಲ್ ಫೀಸು ಅಂತ ಇಟ್ಟಿದ್ದ ಹಣ ಅದು. ಬ್ಯಾಂಕಿನ ಆ್ಯಪ್ ತೆರೆದರೆ ರಾತ್ರಿ ಎರಡೂವರೆಯ ನಂತರ 19,999, ಮತ್ತೆ 19,999, ಆಮೇಲೆ 8,500. ಒಂದು ಎಸ್‌ಎಂಎಸ್ ಕೂಡ ನನಗೆ ಕಾಣಲಿಲ್ಲ. ಒಟಿಪಿ ಎಲ್ಲ ಆ ಆ್ಯಪ್ ಓದಿ ಅವನಿಗೆ ಕಳಿಸಿತ್ತು. ಕೈಯಲ್ಲಿ ಮೀನಿನ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದೆ. 'ನಾಳೆ ಕೊಡಿ ಅಕ್ಕ, ಎಂತ ಅವಸರ' ಅಂತ ಅವರು ಬುಟ್ಟಿ ಎತ್ತಿಕೊಂಡು ಹೋದರು.

ಇದಾದ ಮೇಲೆ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಮಧ್ಯಾಹ್ನ ಎರಡರ ತನಕ ಯಾರಿಗೂ ಹೇಳಲಿಲ್ಲ. ಹೇಗೆ ಹೋಯಿತು ಅಂತ ಕೇಳಿದರೆ ಎಂತ ಹೇಳಲಿ? ಒಂದು ಹಡಗಿನ ಕಥೆಗೆ ಅಂತ ಹೇಳಲೇ? ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. 'ಅಕ್ಕ, ಮಾತು ಆಮೇಲೆ. ಮೊದಲು 1930ಕ್ಕೆ ಹೊಡಿ' ಅಂದ.

1930 ಸೈಬರ್ ವಂಚನೆಗೆ ಇರುವ ಸಹಾಯವಾಣಿ, ಇಡೀ ದೇಶಕ್ಕೆ ಒಂದೇ ನಂಬರ್. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯುವುದು ಅವರ ಕೆಲಸ. ಅದಕ್ಕೆ ಮೊದಲ ಗಂಟೆಗಳೇ ಮುಖ್ಯ. ನಾನು ಆರು ಗಂಟೆ ಕಳೆದುಕೊಂಡಿದ್ದೆ. ಕೊನೆಯ 8,500 ಮಾತ್ರ ಒಂದು ಖಾತೆಯಲ್ಲಿ ಸಿಕ್ಕಿ, ಅದನ್ನು ತಡೆಹಿಡಿದರು. ಉಳಿದ 39,998 ಆಗಲೇ ಕೈ ದಾಟಿ ಹೋಗಿತ್ತು. ಮರುದಿನ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ಬರೆದುಕೊಂಡವರು ನಗಲಿಲ್ಲ. ಎಲ್ಲ ಶಾಂತವಾಗಿ ಕೇಳಿದರು. ಮದುವೆ ಕಾಗದ ಅಂತ, ಆರ್‌ಟಿಒ ದಂಡದ ಚಲನ್ ಅಂತ ಇದೇ ರೀತಿ ಎಪಿಕೆ ಬರುತ್ತದೆ, ಸೀರಿಯಲ್ ಕಥೆ ಅಂತ ಬಂದದ್ದು ಮೊದಲ ಸಲ ನೋಡುತ್ತಿದ್ದೇನೆ ಅಂದರು. ನಾಚಿಕೆಪಟ್ಟು ಕೂತ ಆ ಆರು ಗಂಟೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಆ್ಯಪ್ ತೆಗೆಯಲು ಹೋದರೆ ಪರದೆಯಲ್ಲಿ ಐಕಾನೇ ಇರಲಿಲ್ಲ. ಸೆಟ್ಟಿಂಗ್ಸಿನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಒಂದೊಂದೇ ನೋಡಬೇಕಾಯಿತು. ನೀವು ಅಂಥದ್ದೇನಾದರೂ ಒತ್ತಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ಆಮೇಲೆ 1930. ಮೆಸೇಜುಗಳನ್ನು ಅಳಿಸಬೇಡಿ, ದೂರಿಗೆ ಅವೇ ಬೇಕು.

ಆಮೇಲೆ ಅಮ್ಮನಿಗೂ ಹೇಳಿದೆ. ಅಮ್ಮ ನೆನಪಿಸಿಕೊಂಡದ್ದು 'ಗುಡ್ಡದ ಭೂತ'ವನ್ನು. ದೂರದರ್ಶನದಲ್ಲಿ 1990ರ ಆಸುಪಾಸು ಬಂದ, ನಮ್ಮ ಕರಾವಳಿಯದ್ದೇ ಧಾರಾವಾಹಿ. ಸದಾನಂದ ಸುವರ್ಣರ ನಿರ್ದೇಶನ, ಪ್ರಕಾಶ್ ರೈ ಇದ್ದರು. ಟಿವಿ ಇದ್ದ ಒಂದು ಮನೆಯ ಚಾವಡಿಯಲ್ಲಿ ಇಡೀ ವಠಾರ ಕೂತು, ಭೂತ ಯಾರು ಅಂತ ವಾರವಿಡೀ ಜಗಳ ಮಾಡುತ್ತಿದ್ದರಂತೆ. 'ನಮಗೂ ಹುಚ್ಚು ಇತ್ತು ಮಗ. ಆದರೆ ಅದು ಮುಗಿಯಿತಲ್ಲ' ಅಂದರು ಅಮ್ಮ.

ಆ ಮಾತು ನನಗೆ ನಾಟಿತು. ಮುಗಿಯದ ಕಥೆ ಸುಮ್ನೆ ಬಿಡುವುದಿಲ್ಲ, ಒಳಗೆ ಕೊರೆಯುತ್ತಲೇ ಇರುತ್ತದೆ. ಉತ್ತರ ಕೊಡುವುದು ಮಾಡುವವರಿಗೂ ಸುಲಭವಲ್ಲ. 1990ರಲ್ಲಿ ಶುರುವಾದ ಅಮೆರಿಕದ ಸರಣಿ 'ಟ್ವಿನ್ ಪೀಕ್ಸ್'ನಲ್ಲಿ ಲಾರಾ ಪಾಮರ್‌ಳನ್ನು ಕೊಂದದ್ದು ಯಾರು ಅಂತ ಎರಡನೇ ಸೀಸನ್ನಿನ ನಡುವೆಯೇ ಚಾನೆಲ್ಲಿನ ಒತ್ತಾಯಕ್ಕೆ ಹೇಳಬೇಕಾಯಿತು. ಹೇಳಿದ ಮೇಲೆ ಜನ ಕಡಿಮೆಯಾಗಿ 1991ಕ್ಕೆ ನಿಂತೇ ಹೋಯಿತು. 'ಲಾಸ್ಟ್' ಸರಣಿ ಮಾಡಿದವರು 2007ರಲ್ಲೇ, 2010ಕ್ಕೆ ಮುಗಿಸುತ್ತೇವೆ ಅಂತ ಹೇಳಿಬಿಟ್ಟರು. 121 ಕಂತು ನೋಡಿದವರಲ್ಲಿ ಕೊನೆ ಇಷ್ಟವಾಗದವರು ಎಷ್ಟೋ ಜನ ಇದ್ದಾರೆ. ಆದರೂ ಅವರಿಗೆ ಬೈಯಲು ಒಂದು ಕೊನೆಯಾದರೂ ಇದೆ. ನಾನು ಈಗ ರಹಸ್ಯದ ಸರಣಿ ಶುರು ಮಾಡುವ ಮೊದಲು ಅದು ಮುಗಿದಿದೆಯಾ ಅಂತ ನೋಡುತ್ತೇನೆ. '1899' ಮಾಡಿದ ಜೋಡಿಯ 'ಡಾರ್ಕ್' 26 ಕಂತಿಗೆ, ಅಂದುಕೊಂಡ ಹಾಗೆ 2020ರಲ್ಲಿ ಮುಗಿದಿದೆ. ಧೈರ್ಯವಾಗಿ ನೋಡಿ.

'1899'ರ ಎರಡನೇ ಸೀಸನ್ ತಯಾರೇ ಆಗಿಲ್ಲ. ತಮ್ಮ ಹತ್ತಿರ ಅದು ಇದೆ ಅಂತ ಯಾರು ಹೇಳಿದರೂ ಸುಳ್ಳು.

ಇದನ್ನು ಈಗ ಬರೆಯಲು ಕಾರಣ ಉಂಟು. ಹೋದ ವಾರ ಮಂಗಳೂರಿನಲ್ಲಿ ತಮ್ಮನ ಆಫೀಸಿನ ಹುಡುಗಿಗೆ ಒಂದು ಮೆಸೇಜ್ ಬಂದಿದೆ. ನಂಬರ್ ಬೇರೆ, ಸರಣಿ ಬೇರೆ, ಮಾತು ಮಾತ್ರ ಅದೇ: 'ಗುಂಪಿಗೆ ಹಾಕಿದರೆ ತೊಂದರೆ. ನೀವು ನಿಜವಾಗಿ ಯೋಚಿಸುವವರು ಅಂತ ನಿಮಗೆ ಕೊಡುತ್ತೇನೆ.' ಈ ಸಾಲು ನಿಮಗೆ ಬಂದರೆ ಫೈಲ್ ಮುಟ್ಟಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆ ಗುಂಪಿಗೇ ಹಾಕಿ.