ಹಳೇ ಮನೆಯ ಜಗಲಿ, ಅಂಗಳ: ಆರು ತುಂಡು ಹಾಕಿಸಿ ನೋಡಿದೆ

ಹಳೇ ಜಗಲಿ ಕೀಳಿಸುವ ಮೊದಲು ಜಗಲಿ ಮೇಲೆ ಮೂರು ತುಂಡು, ಅಂಗಳದಲ್ಲಿ ಗೋಡೆಗೆ ತಾಗಿಸಿ ಮೂರು ತುಂಡು, ಬೇರೆ ಬೇರೆ ಸಾಮಾನಿನಲ್ಲಿ ಹಾಕಿಸಿದೆ. ಒಂದೊಂದೂ ಮೀಟರ್ ಉದ್ದ, ಮೀಟರ್ ಅಗಲ. ಒಂದು ಮಳೆಗಾಲ ಹಾಗೇ ಬಿಟ್ಟೆ. ಸುಮ್ನೆ ಟೈಮ್ ವೇಸ್ಟ್ ಅಂತ ಮೇಸ್ತ್ರಿ ಮುಖ ಸಿಂಡರಿಸಿದರು.

ಜಗಲಿಯ ಲೆಕ್ಕ ಬೇಗ ಮುಗಿಯಿತು. ಪಾಲಿಶ್ ಗ್ರಾನೈಟ್ ಒರೆಸಲು ಸುಲಭ, ನೋಡಲೂ ಚೆಂದ. ಎರಡನೇ ಮಳೆಗೇ ಒದ್ದೆ ಚಪ್ಪಲಿ ಜಾರಿ, ಕಂಬ ತಬ್ಬಿಕೊಂಡು ಬಚಾವಾದೆ. ಸುಟ್ಟ ಮಣ್ಣಿನ ಟೈಲ್ಸ್ ಬರಿಗಾಲಿಗೆ ಹಿತ, ಆದರೆ ನೀರು ಕುಡಿಯುತ್ತದೆ. ಎರಚಲು ಬೀಳುವ ಅಂಚಿನ ಸಾಲು ಪಾಚಿಗಟ್ಟಿತು, ಒಳಗಿನ ಸಾಲು ಹೊಸದರ ಹಾಗೇ ಇತ್ತು. ಬೆಂಕಿ ತೋರಿಸಿ ಮೈ ಒರಟು ಮಾಡಿದ ಫ್ಲೇಮ್ಡ್ ಗ್ರಾನೈಟ್ ಜಾರುವುದಿಲ್ಲ. ಒರೆಸುವವರಿಗೆ ಮಾತ್ರ ಅದರ ಮೇಲೆ ಸಿಟ್ಟು, ಬಟ್ಟೆಯ ನೂಲೆಲ್ಲ ಕಿತ್ತುಕೊಳ್ಳುತ್ತದೆ. ಕೊನೆಗೆ ಮೆಟ್ಟಿಲಿಗೂ ಅಂಚಿಗೂ ಫ್ಲೇಮ್ಡ್, ಒಳಗೆ ಮಣ್ಣಿನ ಟೈಲ್ಸ್ ಹಾಕಿಸಿದೆ.

ತಲೆ ತಿಂದಿದ್ದು ಅಂಗಳ. ಕಾಂಕ್ರೀಟಿಗೆ ಏಳು ದಿನ ನೀರುಣಿಸಿದೆ, ಒಂದು ಬಿರುಕೂ ಬರಲಿಲ್ಲ. ಗುಡಿಸಲು ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಇದೇ ಸಾಕು ಅಂದುಕೊಂಡಿದ್ದೆ. ಎರಡು ತಿಂಗಳಿಗೆ ಆ ತುಂಡಿನ ಮೇಲಿನ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಬಿಳಿ ಉಪ್ಪಿನ ಪುಡಿ. ನಮ್ಮದು ಸುಣ್ಣದ ಗಾರೆಯ ಗೋಡೆ, ತೇವ ತಡೆಯುವ ಪದರ ಅದಕ್ಕಿಲ್ಲ. ಮಣ್ಣಿನ ತೇವ ಮೇಲೆ ಆರಲು ದಾರಿ ಇಲ್ಲದೆ ಗೋಡೆ ಹತ್ತಿತ್ತು.

ಒಂದರ ಪಕ್ಕ ಒಂದು ಬಿಗಿಯಾಗಿ ಕೂರಿಸುವ ಸಿಮೆಂಟ್ ಇಟ್ಟಿಗೆ, ಅಂದರೆ ಇಂಟರ್‌ಲಾಕ್, ನನಗೆ ಹಿಡಿಸಿತು. ನಡೆಯಲು 60 ಮಿ.ಮೀ. ದಪ್ಪ ಸಾಕು, ಭಾರದ ಗಾಡಿ ಬರುವುದಾದರೆ 80 ಬೇಕು. ಅಡಿಯಲ್ಲಿ ದಮ್ಮಸು ಮಾಡಿದ ಜಲ್ಲಿ, ಮೇಲೆ ಮೂರು ಸೆಂಟಿಮೀಟರ್ ಮರಳು. ಜಿಪುಣತನ ಮಾಡಿ ನಾನು ಅಂಚು ಕಟ್ಟಿಸಲಿಲ್ಲ. ಹೊರಗಿನ ಸಾಲು ಸರಿದು ಬೆರಳು ತೂರುವಷ್ಟು ಸಂದು ಬಿತ್ತು, ಮರಳು ತೊಳೆದುಹೋಯಿತು. ತಪ್ಪು ನನ್ನದೇ. ಮಧ್ಯೆ ಒಮ್ಮೆ ಅದರ ಅಡಿಯ ನೀರಿನ ಪೈಪ್ ಸೋರಿದಾಗ ಹನ್ನೊಂದು ಇಟ್ಟಿಗೆ ಎತ್ತಿ, ರಿಪೇರಿ ಮಾಡಿಸಿ, ಸಂಜೆಗೆ ಮತ್ತೆ ಅವನ್ನೇ ಕೂರಿಸಿದೆವು. ಕಾಂಕ್ರೀಟಾಗಿದ್ದರೆ ಒಡೆಯಬೇಕಿತ್ತು ಅಲ್ವಾ?

ಬರೀ ಜಲ್ಲಿ ಎಲ್ಲಕ್ಕಿಂತ ಅಗ್ಗ. ಮೊದಲು ಉರುಟು ಕಲ್ಲು ಹಾಕಿಸಿದ್ದೆ, ಕಾಲಡಿ ಉರುಳುತ್ತಿತ್ತು. ಮೂಲೆ ಚೂಪಿರುವ ಒಡೆದ ಜಲ್ಲಿ ಒಂದಕ್ಕೊಂದು ಕಚ್ಚಿ ಕೂರುತ್ತದೆ. ಅಡಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದ್ದರಿಂದ ಮಣ್ಣಿನೊಳಗೆ ಇಳಿಯಲಿಲ್ಲ. ಆದರೆ ತರಗೆಲೆ ಬಿದ್ದರೆ ಪೊರಕೆ ಆಡುವುದಿಲ್ಲ, ಒಂದೊಂದೇ ಹೆಕ್ಕಬೇಕು. ಚಪ್ಪಲಿಗೆ ಸಿಕ್ಕಿಕೊಂಡ ಚೂರು ಜಗಲಿಗೂ ಬರುತ್ತದೆ. ಇಡೀ ಅಂಗಳಕ್ಕೆ ಇದು ಬೇಡವೇ ಬೇಡ.

ಹಾಗಾಗಿ ಗೋಡೆಯುದ್ದಕ್ಕೂ ಅರ್ಧ ಮೀಟರ್ ಜಲ್ಲಿ ಪಟ್ಟಿ, ಉಳಿದದ್ದಕ್ಕೆ ಇಂಟರ್‌ಲಾಕ್. ಈ ಸಲ ಸುತ್ತ ಅಂಚು ಕಟ್ಟಿಸಿದೆ. ಮೀಟರಿಗೆ ಎರಡು ಸೆಂಟಿಮೀಟರಿನಂತೆ ಮನೆಯಿಂದ ಹೊರಕ್ಕೆ ವಾಟ ಕೊಟ್ಟಿದ್ದಾರೋ ಇಲ್ಲವೋ ಅಂತ ರಸಮಟ್ಟ ಇಟ್ಟು ನಾನೇ ನೋಡಿಕೊಂಡೆ.

ಕಾಂಕ್ರೀಟ್ ತುಂಡು ಒಡೆಸಿದ್ದು ಮಳೆ ನಿಂತು ಮೂರು ವಾರದ ಮೇಲೆ. ಅಡಿಯ ಮಣ್ಣು ಇನ್ನೂ ಮುದ್ದೆ ಕಟ್ಟುವಷ್ಟು ಹಸಿ. ಪಕ್ಕದ ಜಲ್ಲಿ ಸರಿಸಿದರೆ ಒಣ ಮಣ್ಣು. ಮೇಸ್ತ್ರಿ ಎರಡೂ ಕಡೆ ಕರಣೆಯಿಂದ ಕೆದಕಿ ನೋಡಿ, ಏನೂ ಹೇಳದೆ ಜಲ್ಲಿ ಪಟ್ಟಿಗೆ ದಾರ ಕಟ್ಟಲು ಹೋದರು.