ನೈಟ್ರಿಕ್ ಆಕ್ಸೈಡ್ ಹೆಸರಿನ ಬೀಟ್‌ರೂಟ್ ಪುಡಿ: ಡಬ್ಬಿಯ ಮೇಲೆ ಬರೆಯದೆ ಬಿಟ್ಟ ಮಾತುಗಳು

‘ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ’ ಎಂದು ಮುದ್ರಿಸಿದ್ದ 200 ಗ್ರಾಂ ಬೀಟ್‌ರೂಟ್ ಪುಡಿಯ ಡಬ್ಬಿಯನ್ನು ಕಳೆದ ತಿಂಗಳು ದಾವಣಗೆರೆಯ ಪಿ.ಜೆ. ಬಡಾವಣೆಯ ಔಷಧಿ ಅಂಗಡಿಯೊಂದರಲ್ಲಿ 550 ರೂಪಾಯಿಗೆ ಖರೀದಿಸಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ನಿತ್ಯ ನುಂಗುತ್ತ, ಬೆಳಿಗ್ಗೆ ಕುಂದವಾಡ ಕೆರೆಯ ದಂಡೆಯಲ್ಲಿ ತಪ್ಪದೆ ನಡೆಯುವ ನಮ್ಮ ಅಪ್ಪನಿಗೆ ಇದು ಒಳ್ಳೆಯದೆಂದು ನಂಬಿದ್ದೆ. ಪುಡಿ ನುಣುಪಾಗಿದೆ, ನೀರಿನಲ್ಲಿ ಬೇಗ ಕರಗುತ್ತದೆ, ರುಚಿಯೂ ಪರವಾಗಿಲ್ಲ.

ಡಬ್ಬಿಯ ಮಾತಿಗೆ ವಿಜ್ಞಾನದ ಆಧಾರ ಇಲ್ಲವೆಂದಲ್ಲ. ರಕ್ತನಾಳದ ಒಳಪದರದ ಕೋಶಗಳು ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಅನಿಲವನ್ನು ತಯಾರಿಸುತ್ತವೆ. ಕೆಲವೇ ಸೆಕೆಂಡು ಉಳಿಯುವ ಈ ಅನಿಲ ಪಕ್ಕದಲ್ಲಿ ಹರಿದು ಹೋಗುವ, ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ನೊಳಗೆ ನುಸುಳಿ, ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆಗ ಹೆಚ್ಚುವ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವು ಪ್ಲೇಟ್‌ಲೆಟ್‌ನೊಳಗೆ ಕ್ಯಾಲ್ಸಿಯಂ ಏರದಂತೆ ತಡೆಯುವುದರಿಂದ, ಅದು ಆಕಾರ ಬದಲಿಸಿ ಇತರ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುವುದು ಕಷ್ಟವಾಗುತ್ತದೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಲ್ಲಿ ಸಂದೇಶ ಒಯ್ಯುತ್ತದೆ ಎಂಬುದನ್ನು ಕಂಡುಹಿಡಿದದ್ದಕ್ಕಾಗಿಯೇ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಬೀಟ್‌ರೂಟಿನ ದಾರಿ ಬೇರೆ: ಅದರ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿಕೊಟ್ಟ ನಂತರವೇ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಕ್ರಿಮಿನಾಶಕ ಮೌತ್‌ವಾಶ್ ಬಳಸುವವರಲ್ಲಿ ಈ ದಾರಿಯೇ ಕುಂಠಿತವಾಗುತ್ತದೆ.

ನನ್ನ ಅಸಮಾಧಾನ ಇರುವುದು ಡಬ್ಬಿಯ ಮೇಲಿನ ಚೀಟಿಯ ಬಗ್ಗೆ. ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ನೈಟ್ರೇಟ್ ಇದೆ ಎಂಬುದನ್ನು ಎಲ್ಲಿಯೂ ನಮೂದಿಸಿಲ್ಲ. ಅದಿಲ್ಲದೆ ಮೇಲಿನ ದೊಡ್ಡ ಅಕ್ಷರಗಳಿಗೆ ಬೆಲೆಯಿಲ್ಲ. ಆಸ್ಪಿರಿನ್, ಪ್ಲೇಟ್‌ಲೆಟ್‌ಗಳನ್ನು ಅಂಟಿಕೊಳ್ಳುವಂತೆ ಪ್ರಚೋದಿಸುವ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆಯುತ್ತದೆ, ಕ್ಲೋಪಿಡೋಗ್ರೆಲ್ ಅಂಥದೇ ಇನ್ನೊಂದು ರಾಸಾಯನಿಕವಾದ ಎಡಿಪಿಯ ಕರೆ ಪ್ಲೇಟ್‌ಲೆಟ್‌ಗೆ ತಲುಪದಂತೆ ಮಾಡುತ್ತದೆ. ಈಗಾಗಲೇ ಎರಡು ಕಡೆಯಿಂದ ಕಟ್ಟಿಹಾಕಿದ ಪ್ಲೇಟ್‌ಲೆಟ್‌ಗೆ ಮೂರನೆಯ ಕಡಿವಾಣ ಹಾಕುವುದಾಗಿ ಹೇಳುವ ವಸ್ತು, ಅಂಥ ರೋಗಿಗಳು ವೈದ್ಯರನ್ನು ಕೇಳಿ ಸೇವಿಸಬೇಕೆಂಬ ಒಂದು ಸಾಲನ್ನಾದರೂ ಹೊತ್ತಿರಬೇಕಿತ್ತು.

ಇನ್ನೊಂದು ಸಾಲೂ ಬೇಕಿತ್ತು. ಮೂರನೆಯ ದಿನ ಬೆಳಿಗ್ಗೆ ಮೂತ್ರ ಕೆಂಪಾದುದನ್ನು ಕಂಡು ಅಪ್ಪ ಬಚ್ಚಲ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು. ಮಾತ್ರೆಗಳಿಂದ ರಕ್ತವೇ ಹೋಗುತ್ತಿದೆ ಎಂದು ಅವರ ಕೈ ನಡುಗುತ್ತಿತ್ತು. ಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲ, ಅದು ಬೀಟ್‌ರೂಟಿನ ಬಣ್ಣವಷ್ಟೇ ಆಗಿತ್ತು. ಕೆಲವರಲ್ಲಿ ಹೀಗಾಗುವುದುಂಟು. ಆದರೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಕೆಂಪು ಬಣ್ಣವನ್ನು ಬೀಟ್‌ರೂಟ್ ಎಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು.

ಅಂಗಡಿಯವರನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಮರುದಿನ ಹೋಗಿ ವಿಷಯ ತಿಳಿಸಿದಾಗ, ಅಲ್ಲಿನ ಹಿರಿಯ ಫಾರ್ಮಾಸಿಸ್ಟ್ ಅಪ್ಪನ ಔಷಧಿ ಚೀಟಿಯನ್ನು ಪೂರ್ತಿ ಓದಿ, ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳಲು ಬರೆದಿದ್ದ ಐಸೊಸಾರ್ಬೈಡ್ ಮಾತ್ರೆಯ ಮೇಲೆ ಬೆರಳಿಟ್ಟು, “ಇದೂ ನೈಟ್ರಿಕ್ ಆಕ್ಸೈಡ್ ಮೂಲಕವೇ ಕೆಲಸ ಮಾಡೋದು ಸರ್, ಬಿಪಿ ಇಳಿಬಹುದು, ಡಾಕ್ಟರನ್ನ ಕೇಳದೆ ಪುಡಿ ಕೊಡಬೇಡಿ” ಎಂದರು. ಹೃದ್ರೋಗ ತಜ್ಞರು ಪುಡಿ ನಿಲ್ಲಿಸಿ, ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದೆಂದು ಹೇಳಿದರು.

ರುಚಿ ಮತ್ತು ಗುಣಮಟ್ಟಕ್ಕೆ ಐದರಲ್ಲಿ ಮೂರೂವರೆ, ಡಬ್ಬಿಯ ಚೀಟಿಗೆ ಒಂದು ಅಂಕ ಕೊಡುತ್ತೇನೆ. ನೈಟ್ರೇಟ್ ಪ್ರಮಾಣ ಮುದ್ರಿಸಿದ ಡಬ್ಬಿ ಬಂದರೆ ನನಗಾಗಿ ಮತ್ತೆ ಕೊಳ್ಳುವೆನೇ ಹೊರತು ಅಪ್ಪನಿಗಾಗಿ ಅಲ್ಲ.